ಹಳೆ ಗಾಡಿ ಹೀಟ್ ಆಗ್ಲಿಕತ್ತದ ಅಂದ್ರ ಮೊದಲು ಏನು ನೋಡಬೇಕು

ಡಿಸೆಂಬರಿನಲ್ಲಿ ಕಲಬುರಗಿಯಿಂದ ಹುಮನಾಬಾದಿಗೆ ತಕರಾರಿಲ್ಲದೆ ಹೋಗಿ ಬಂದ ಮಾರುತಿ 800, ಏಪ್ರಿಲ್ ಬಂತೆಂದರೆ ಕಮಲಾಪುರ ದಾಟುವಷ್ಟರಲ್ಲಿ ಹೀಟ್ ಮೀಟರಿನ ಮುಳ್ಳನ್ನು ಕೆಂಪು ಗೆರೆಗೆ ಮುಟ್ಟಿಸುತ್ತದೆ. "ಬಿಸಿಲು ಹಂಗದರಿ, ಗಾಡಿ ಏನ್ ಮಾಡ್ತದ" ಎಂದು ಎಲ್ಲರೂ ಬಿಸಿಲಿನ ತಲೆಗೆ ಕಟ್ಟುತ್ತಾರೆ. ಬಿಸಿಲಿನ ಪಾಲು ಎಷ್ಟೆಂದು ಲೆಕ್ಕ ಹಾಕಿಯೇ ನೋಡಬಹುದು. ರೇಡಿಯೇಟರ್ ಎಷ್ಟು ಶಾಖ ಹೊರಗೆ ಹಾಕುತ್ತದೆ ಎಂಬುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ನೀರು 90 ಡಿಗ್ರಿ, ಚಳಿಗಾಲದ ಗಾಳಿ 20 ಡಿಗ್ರಿ ಇದ್ದರೆ ಅಂತರ 70. ಮೇ ತಿಂಗಳ ಮಧ್ಯಾಹ್ನ ಗಾಳಿ 44 ಆದಾಗ ಅಂತರ 46. ಅಂದರೆ ಅದೇ ರೇಡಿಯೇಟರಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯಿತು. ಹೊಸ ಗಾಡಿಯಲ್ಲಿ ಇಷ್ಟು ಹೋದರೂ ಸಾಲುವಷ್ಟು ಹೆಚ್ಚಿನ ಅಳತೆ ಇರುತ್ತದೆ. ಹದಿನೈದಿಪ್ಪತ್ತು ವರ್ಷಗಳಲ್ಲಿ ಆ ಹೆಚ್ಚಿನ ಅಳತೆಯನ್ನು ತಿಂದು ಹಾಕಿದ್ದು ನಾವು ಹಾಕಿದ ಬೋರಿನ ನೀರು, ಮುಂದೆ ಕಟ್ಟಿಕೊಂಡ ಹೊಟ್ಟು, ಬಿಚ್ಚಿ ಎಸೆದ ಥರ್ಮೋಸ್ಟಾಟ್ (ನೀರು ಕಾದಾಗ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್). ಥಂಡಿಯಲ್ಲಿ ಮುಚ್ಚಿಕೊಂಡಿದ್ದ ಕೊರತೆ ಬಿಸಿಲಿನಲ್ಲಿ ಬಯಲಾಗುತ್ತದೆ.

ಇಲ್ಲಿ ಹೇಳುವ ಅಳತೆಗಳು ಮುಖ್ಯವಾಗಿ 800, ಓಮ್ನಿ, ಹಳೆಯ ಆಲ್ಟೊಗಳಿಗೆ. ಇವುಗಳಲ್ಲಿ ಇರುವುದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನು, ಅಲ್ಯೂಮಿನಿಯಂ ಹೆಡ್ಡು (ಸಿಲಿಂಡರುಗಳ ಮೇಲಿನ ಮುಚ್ಚಳ). ಪರೀಕ್ಷೆಯ ಕ್ರಮ ಮಾತ್ರ ಇಂಡಿಕಾಕ್ಕೂ ಸುಮೋಗೂ ಅದೇ.

ರಸ್ತೆಯ ಮೇಲಿನ ಮಾತು ಮೊದಲು ಮುಗಿಸೋಣ. ಮುಳ್ಳು ಏರತೊಡಗಿದ ಕೂಡಲೇ ಎಸಿ ಬಂದ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಬಿಡಿ. ಹೀಟರ್ ಎಂದರೆ ಡ್ಯಾಶ್‌ಬೋರ್ಡಿನ ಒಳಗಿರುವ ಇನ್ನೊಂದು ಸಣ್ಣ ರೇಡಿಯೇಟರ್. ಒಳಗೆ ಕೂತವರಿಗೆ ಸಂಕಟವಾದರೂ ಎಂಜಿನ್ನಿಗೆ ಉಪಕಾರ. ಇಷ್ಟಕ್ಕೂ ಮುಳ್ಳು ಇಳಿಯದಿದ್ದರೆ ನೆರಳು ಹುಡುಕುತ್ತ ಮುಂದೆ ಹೋಗಬೇಡಿ, ಇದ್ದಲ್ಲೇ ಬದಿಗೆ ನಿಲ್ಲಿಸಿ ಬಂದ್ ಮಾಡಿ. ಇನ್ನೊಂದು ಎಚ್ಚರ: ಕೆಂಪಿಗೆ ಹೋಗಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ತಣ್ಣಗಾಯಿತೆಂದು ತಿಳಿಯಬಾರದು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರಷ್ಟೇ ಸರಿಯಾಗಿ ಅಳೆಯುತ್ತದೆ. ನೀರೆಲ್ಲ ಹೊರಗೆ ಹೋಗಿ ಸೆನ್ಸರ್ ಬರಿಗಾಳಿಯಲ್ಲಿ ನಿಂತಾಗ ಮುಳ್ಳು ಇಳಿಯುತ್ತದೆ. ಹೆಡ್ಡು ಬೆಂಡ್ ಆಗುವುದು ಅಂಥ ಹೊತ್ತಿನಲ್ಲೇ.

ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪಿಗೆ ಕೈ ಹಾಕಲೇಬೇಡಿ. ಕ್ಯಾಪಿನ ಮೇಲೆ 0.9 ಎಂದು ಬರೆದಿದ್ದರೆ, ಹೊರಗಿನ ಗಾಳಿಗಿಂತ 0.9 ಬಾರ್ ಹೆಚ್ಚಿನ ಒತ್ತಡ ಅದು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ನೀರು ಕುದಿಯುವುದು 100ಕ್ಕೆ ಅಲ್ಲ, ಸುಮಾರು 118 ಡಿಗ್ರಿಗೆ. ಒಳಗಿನ ನೀರು 110 ಇದ್ದು ಸುಮ್ಮನೆ ನಿಂತಿರುತ್ತದೆ. ಕ್ಯಾಪ್ ತಿರುಗಿಸಿದ ಕ್ಷಣ ಒತ್ತಡ ಹೋಗಿ ಅಷ್ಟೂ ನೀರು ಉಕ್ಕಿ ಮುಖಕ್ಕೇ ಬರುತ್ತದೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾಯಬೇಕು. ಮೇಲಿನ ಹೋಸ್ ಪೈಪನ್ನು ಬಟ್ಟೆ ಸುತ್ತಿ ಹಿಚುಕಿದಾಗ ಮೆತ್ತಗಿದ್ದರೆ ಮಾತ್ರ, ದಪ್ಪ ಬಟ್ಟೆ ಹಾಕಿ ಕ್ಯಾಪನ್ನು ಮೊದಲ ಹಂತಕ್ಕೆ ತಿರುಗಿಸಿ ಹಬೆ ಬಿಟ್ಟು ಆಮೇಲೆ ತೆಗೆಯಿರಿ. ಕಾದ ಎಂಜಿನ್ನಿನ ಮೇಲೆ ಕೊಡದಿಂದ ತಣ್ಣೀರು ಸುರಿಯುವುದನ್ನು ಹೆದ್ದಾರಿಯ ಪ್ರತಿ ಧಾಬಾದ ಮುಂದೆಯೂ ಕಾಣಬಹುದು. ಅಲ್ಯೂಮಿನಿಯಂ ಹೆಡ್ಡು ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಹಿಗ್ಗಿದ್ದರೆ ಬಿರುಕು ಬಿಡುತ್ತದೆ. ದಯವಿಟ್ಟು ಸುರಿಯಬೇಡಿ, ಸುರಿಯುವವರನ್ನೂ ತಡೆಯಿರಿ.

ಈಗ ರಿಪೇರಿ. ಗ್ಯಾರೇಜಿಗೆ ಹೋದ ಕೂಡಲೇ ವಾಟರ್ ಪಂಪ್, ರೇಡಿಯೇಟರ್, ಥರ್ಮೋಸ್ಟಾಟ್ ಎಲ್ಲ ಬದಲಿಸಿ ದುಡ್ಡು ಕಳೆಯುವ ಮೊದಲು ಒಂದೇ ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಗಾಡಿ ಯಾವಾಗ ಹೀಟ್ ಆಗುತ್ತದೆ? ನಿಂತಾಗಲೋ, ಓಡುವಾಗಲೋ?

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಸಂದಣಿಯಲ್ಲಿ ಮುಳ್ಳು ಏರಿ, ಜೇವರ್ಗಿ ರಸ್ತೆಗೆ ಬಿದ್ದು ಅರವತ್ತರ ವೇಗ ಹಿಡಿದ ಮೇಲೆ ತಾನಾಗಿ ಇಳಿದರೆ ನೀರಿನ ಓಟ ಸರಿಯಿದೆ, ಗಾಳಿ ಸಾಲುತ್ತಿಲ್ಲ. ಫ್ಯಾನು, ಅದರ ಸ್ವಿಚ್ಚು, ಫ್ಯೂಸು, ರೆಲೆ, ಇಲ್ಲವೇ ರೇಡಿಯೇಟರಿನ ಮುಖದ ಕಸ. ಇದಕ್ಕೆ ಉಲ್ಟಾ, ಊರೊಳಗೆ ಸುಮ್ಮನಿದ್ದು ಹೆದ್ದಾರಿಯ ವೇಗದಲ್ಲಿ ಅಥವಾ ಏರು ಹತ್ತುವಾಗ ಕಾದರೆ ಗಾಳಿ ಬೇಕಾದಷ್ಟಿದೆ, ನೀರಿನ ಓಟ ಕಡಿಮೆ. ರೇಡಿಯೇಟರಿನ ಒಳನಳಿಗೆ ಕಟ್ಟಿರಬೇಕು, ಕೆಳಗಿನ ಹೋಸ್ ಒಳಕ್ಕೆ ಮಡಚುತ್ತಿರಬೇಕು, ಥರ್ಮೋಸ್ಟಾಟ್ ಅರ್ಧಕ್ಕೆ ನಿಂತಿರಬೇಕು, ಪಂಪಿನ ರೆಕ್ಕೆ ತುಕ್ಕು ತಿಂದಿರಬೇಕು. ಎರಡೂ ಕಡೆ ಕಾದು, ದಿನವೂ ನೀರು ಕಡಿಮೆಯಾಗುತ್ತಿದ್ದರೆ ಸೋರಿಕೆ, ಕ್ಯಾಪು ಅಥವಾ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗ್). ಬ್ಯಾಟರಿ ದೀಪ ಹತ್ತಿಕೊಂಡು ಜೊತೆಗೇ ಹೀಟ್ ಆದರೆ ಬಾನೆಟ್ ಎತ್ತಿ ಬೆಲ್ಟ್ ನೋಡಿ. 800ರಲ್ಲಿ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟು.

ಫ್ಯಾನಿನ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಗಾಡಿ ನಿಲ್ಲಿಸಿ ಚಾಲೂ ಇಡಿ, ಮುಳ್ಳು ಅರ್ಧ ದಾಟಿ ಸ್ವಲ್ಪ ಮೇಲೆ ಬಂದಾಗ ಫ್ಯಾನ್ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ. ಕಾರ್ಬುರೇಟರ್ ಗಾಡಿಗಳಲ್ಲಿ ಥರ್ಮೋ ಸ್ವಿಚ್ಚಿನ ಎರಡು ವೈರಿನ ಪ್ಲಗ್ ಎಳೆದು ಎರಡನ್ನೂ ಒಂದು ತುಂಡು ವೈರಿನಿಂದ ಕೂಡಿಸಿ, ಇಗ್ನಿಷನ್ ಆನ್ ಮಾಡಿ. ಫ್ಯಾನ್ ತಿರುಗಿತೇ, ಸ್ವಿಚ್ ಸತ್ತಿದೆ. ತಿರುಗಲಿಲ್ಲವೇ, ಮೋಟರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿ. ಆಗಲೂ ಅಲುಗದಿದ್ದರೆ ಮೋಟರಿನ ಬ್ರಷ್ ಹೋಗಿದೆ. ಇಂಜೆಕ್ಷನ್ ಗಾಡಿಗಳಲ್ಲಿ ಫ್ಯಾನನ್ನು ಕಂಪ್ಯೂಟರ್ ನಡೆಸುತ್ತದೆ, ಅಲ್ಲಿ ಸೆನ್ಸರಿನ ವೈರ್ ಕೂಡಿಸುವ ಸಾಹಸ ಬೇಡ. ಸುಮೋ, ಬೊಲೆರೊಗಳ ವಿಸ್ಕಸ್ ಫ್ಯಾನಿದ್ದರೆ (ಕಾದಾಗ ಬಿಗಿ ಹಿಡಿಯುವ ಕ್ಲಚ್ಚಿನ ಫ್ಯಾನು), ಎಂಜಿನ್ ಚೆನ್ನಾಗಿ ಕಾದಾಗ ಬಂದ್ ಮಾಡಿ ಕೈಯಿಂದ ತಿರುಗಿಸಿ. ಬಿಗಿಯಾಗಿ ತಡೆಯಬೇಕು. ಚಕ್ರದಂತೆ ಸಲೀಸಾಗಿ ಸುತ್ತಿದರೆ ಕ್ಲಚ್ ಮುಗಿದಿದೆ.

ಮೋಟರ್ ಬದಲಿಸಿದ ಮೇಲೂ ಹೀಟ್ ನಿಲ್ಲದಿದ್ದರೆ ಒಂದು ಹಾಳೆಯನ್ನು ರೇಡಿಯೇಟರಿನ ಮುಂದೆ ಹಿಡಿಯಿರಿ. ಫ್ಯಾನ್ ಹಿಂದಿರುವ ಗಾಡಿಯಲ್ಲಿ ಹಾಳೆ ಜಾಲರಿಗೆ ಅಂಟಿಕೊಳ್ಳಬೇಕು. ದೂರ ಹಾರಿದರೆ ವೈರ್ ಉಲ್ಟಾ ಕೊಟ್ಟಿದ್ದಾರೆ ಅಥವಾ ರೆಕ್ಕೆ ಹಿಂದುಮುಂದಾಗಿದೆ. ಸ್ವಿಚ್ ಹೋದಾಗ "ಡೈರೆಕ್ಟ್" ಮಾಡಿ ಡ್ಯಾಶ್‌ಬೋರ್ಡಿನಲ್ಲಿ ಬಟನ್ ಕೂಡಿಸುವ ಪದ್ಧತಿ ನಮ್ಮಲ್ಲಿ ಬಹಳ. ಊರು ಮುಟ್ಟುವ ತನಕ ಪರವಾಗಿಲ್ಲ, ಅದೂ ರೆಲೆ ಮತ್ತು ಫ್ಯೂಸ್ ಇಟ್ಟು. ಕಾಯಂ ಬಿಡಬಾರದು. ಒಂದು ದಿನ ಬಟನ್ ಒತ್ತಲು ಮರೆತರೆ ಸ್ವಿಚ್ಚಿನ ಬೆಲೆಯ ಹತ್ತಾರು ಪಟ್ಟು ಹೆಡ್ಡಿಗೆ ಹೋಗುತ್ತದೆ.

ಫ್ಯಾನ್ ಸರಿಯಿದ್ದರೆ ರೇಡಿಯೇಟರಿನ ಮುಖ ನೋಡಿ. ತೊಗರಿ ರಾಶಿಯ ಕಾಲದಲ್ಲಿ ನಮ್ಮ ಕಡೆಯ ಯಾವ ರಸ್ತೆಯಲ್ಲಿ ಹೋದರೂ ಹೊಟ್ಟು ತಪ್ಪಿದ್ದಲ್ಲ. ರಸ್ತೆ ಮೇಲೆ ಹಾಸಿದ ಕಟ್ಟಿಗೆ-ಕಣಿಕೆಯ ಮೇಲೆ ಹಾದುಹೋದರೆ ಹುಡಿ ನೇರ ರೇಡಿಯೇಟರಿಗೆ. ಯಾದಗಿರಿ ಕಡೆ ಇದಕ್ಕೆ ಹತ್ತಿಯ ಎಳೆ ಸೇರಿಕೊಳ್ಳುತ್ತದೆ. ಎಸಿ ಇರುವ ಗಾಡಿಯಲ್ಲಿ ರೇಡಿಯೇಟರಿನ ಮುಂದೆ ಕಂಡೆನ್ಸರ್ ಇರುವುದರಿಂದ ಹೊರಗಿನಿಂದ ನೋಡಿದರೆ ಎಲ್ಲ ಸ್ವಚ್ಛ. ಕಸವೆಲ್ಲ ಎರಡರ ಸಂದಿನಲ್ಲಿ ಕಂಬಳಿಯಂತೆ ಕೂತಿರುತ್ತದೆ. ಮೇಲಿನ ಬೋಲ್ಟ್ ಸಡಿಲಿಸಿ, ಗ್ಯಾಸಿನ ಪೈಪಿಗೆ ಎಳೆತ ಬೀಳದಂತೆ ಕಂಡೆನ್ಸರನ್ನು ಎರಡು ಬೆರಳು ಮುಂದೆ ವಾಲಿಸಿ, ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡಿ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಸೇರುತ್ತದೆ. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ ಬೇಡ, ರೇಡಿಯೇಟರಿನ ತೆಳು ಲೋಹದ ಎಲೆಗಳು ಮಡಚಿ ಬಿದ್ದರೆ ಗಾಳಿಯ ದಾರಿಯೇ ಮುಚ್ಚುತ್ತದೆ. ತೋಟದ ಪೈಪು, ಸ್ವಲ್ಪ ಬಟ್ಟೆ ಸೋಪಿನ ಪುಡಿಯ ನೀರು, ಮೆತ್ತನೆಯ ಬ್ರಷ್ಷು ಸಾಕು. ರಾಶಿ ಮುಗಿದ ಮೇಲೆ, ಶಿವರಾತ್ರಿಗೆ ಮೊದಲು ಈ ಕೆಲಸ ಮುಗಿದಿರಲಿ. ಹಾಗೆಯೇ ಜಾಲರಿಯ ಮುಂದೆ ಕೂಡಿಸಿದ ದೊಡ್ಡ ಹಾರ್ನು, ಫಾಗ್ ಲೈಟು, ಅಗಲದ ಹೆಸರಿನ ಫಲಕ ತೆಗೆಯಿರಿ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕಿಸಿ. ಅದಿಲ್ಲದೆ ಫ್ಯಾನ್ ತನ್ನ ಎದುರಿನ ದುಂಡು ಭಾಗದಿಂದಷ್ಟೇ ಗಾಳಿ ಎಳೆಯುತ್ತದೆ.

ನೀರಿನ ವಿಷಯ

ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ನೆಲದಡಿ ಇರುವುದು ಸುಣ್ಣಕಲ್ಲು. ಮನೆಗೆ ಹಾಸುವ ಫರ್ಸಿಯೂ ಅದೇ, ಸಿಮೆಂಟಿಗೆ ಹೋಗುವುದೂ ಅದೇ. ಅದರೊಳಗೆ ನಿಂತ ಬೋರಿನ ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ನೀರು ಕಾದಾಗ ಆ ಸುಣ್ಣ ಬೇರೆಯಾಗಿ ಲೋಹಕ್ಕೆ ಕಚ್ಚುತ್ತದೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರ ಇದೇ. ಎಂಜಿನ್ನಿನಲ್ಲಿ ಅದು ಎಲ್ಲಕ್ಕಿಂತ ಬಿಸಿಯಾದ ಜಾಗವನ್ನೇ ಹುಡುಕಿ ಕೂರುತ್ತದೆ: ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವಿನ ಸುತ್ತ. ಸುಣ್ಣದ ಪದರ ಶಾಖ ಸಾಗಿಸುವುದು ಕಬ್ಬಿಣದ ಇಪ್ಪತ್ತನೇ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ ಹೆಡ್ಡು ಒಳಗೊಳಗೇ ಬೇಯುತ್ತಿದ್ದರೂ ಮುಳ್ಳು ತಡವಾಗಿ ಹೇಳುತ್ತದೆ. ಸೋರುವ ಗಾಡಿಗೆ ದಿನಾ ಒಂದು ಚರಗಿ ಬೋರಿನ ನೀರು ಹಾಕುವವರು ದಿನಾ ಒಂದಿಷ್ಟು ಸುಣ್ಣ ಹಾಕುತ್ತಿದ್ದಾರೆ, ಏಕೆಂದರೆ ನೀರು ಆರಿ ಹೋದರೂ ಸುಣ್ಣ ಒಳಗೇ ಉಳಿಯುತ್ತದೆ.

ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರಿನ ಕ್ಯಾನ್ ಸಿಗುತ್ತದೆ. ಬ್ಯಾಟರಿ ಆ್ಯಸಿಡ್ ಅಲ್ಲ, ಬ್ಯಾಟರಿ ನೀರು ಎಂದು ಬಿಡಿಸಿ ಕೇಳಿ. ಜೊತೆಗೆ ಕೂಲಂಟ್ ಬೇಕೇ ಬೇಕು. "ನಮ್ಮಲ್ಲಿ ನೀರು ಹೆಪ್ಪುಗಟ್ಟಲ್ಲ, ಕೂಲಂಟ್ ಯಾಕ" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕೂಲಂಟಿನ ಗ್ಲೈಕಾಲ್ ನಮಗೆ ಅಷ್ಟು ಮುಖ್ಯವಲ್ಲ. ಅದರಲ್ಲಿ ಬೆರೆಸಿದ ತುಕ್ಕುನಿರೋಧಕ ಮುಖ್ಯ. ಕಬ್ಬಿಣದ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು, ತಾಮ್ರದ ರೇಡಿಯೇಟರು ಒಂದೇ ನೀರಿನಲ್ಲಿದ್ದರೆ ಒಂದನ್ನೊಂದು ತಿನ್ನುತ್ತವೆ. ಅದನ್ನು ತಡೆಯುವುದು ಈ ನಿರೋಧಕ. ಗ್ಲೈಕಾಲ್ ಹೆಚ್ಚಾದಷ್ಟೂ ಶಾಖ ಹೊರುವ ಶಕ್ತಿ ಇಳಿಯುವುದರಿಂದ ನಮ್ಮ ಹವೆಗೆ ಒಂದು ಪಾಲು ಕಾನ್ಸೆಂಟ್ರೇಟಿಗೆ ಎರಡು ಪಾಲು ಡಿಸ್ಟಿಲ್ಡ್ ನೀರು ಸರಿಯಾದ ಅಳತೆ, ಡಬ್ಬಿಯ ಮೇಲೆ ಅದಕ್ಕಿಂತ ಹೆಚ್ಚು ಹಾಕಲು ಹೇಳಿಲ್ಲದಿದ್ದರೆ. ರೆಡಿಮಿಕ್ಸ್ ಎಂದು ಬರೆದಿದ್ದರೆ ಒಂದು ಹನಿ ನೀರೂ ಬೆರೆಸಬಾರದು. ಹಸಿರು, ಕೆಂಪು ಎಂಬ ಬಣ್ಣ ನಂಬಿ ಬೆರಕೆ ಮಾಡಬೇಡಿ, ಬಣ್ಣಕ್ಕೆ ಯಾವ ಕಟ್ಟುಪಾಡೂ ಇಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ತೆಗೆದ ಕೂಲಂಟನ್ನು ಅಂಗಳದಲ್ಲಿ ಬಿಡಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ, ದನ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಿ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುವುದಂತೂ ಬೇಡವೇ ಬೇಡ.

ಕಟ್ಟಿದ ಸುಣ್ಣ ಬಿಡಿಸಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು ಸಾಕು. 800ಕ್ಕೆ ಮೂರೂವರೆಯಿಂದ ನಾಲ್ಕು ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 30ರಿಂದ 40 ಗ್ರಾಮಿನಂತೆ 120ರಿಂದ 150 ಗ್ರಾಂ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಕೆಳಗಿನ ಡ್ರೇನ್ ಬಿಚ್ಚಿ ಹಳೆಯದನ್ನು ಬಕೆಟ್ಟಿಗೆ ಇಳಿಸಿ, ರಿಸರ್ವ್ ಬಾಟಲಿಯನ್ನೂ ತೊಳೆಯಿರಿ. ಒಂದು ಸಲ ಬರೀ ನೀರು ತುಂಬಿ, ಫ್ಯಾನ್ ತಿರುಗುವ ತನಕ ಓಡಿಸಿ, ತಣಿಸಿ, ಖಾಲಿ ಮಾಡಿ. ಆಮೇಲೆ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ ಹಾಕಿ, ಹೀಟರ್ ಬಿಸಿಗೆ ಇಟ್ಟು, ಮುಳ್ಳು ಮಾಮೂಲಿ ಜಾಗಕ್ಕೆ ಬಂದ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ಚಾಲೂ ಇಡಿ. ರಾತ್ರಿಯಿಡೀ ಬಿಡಬಾರದು, ಹುಳಿ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ತಣಿದ ಮೇಲೆ ಇಳಿಸಿ. ಹೊರಬರುವುದು ಚಹಾದ ಬಣ್ಣದ್ದಾಗಿರುತ್ತದೆ. ಎರಡು ಸಲ ತೊಳೆದು, ಒಂದು ದೊಡ್ಡ ಚಮಚ ಅಡುಗೆ ಸೋಡಾ ಕರಗಿಸಿದ ನೀರನ್ನು ಐದು ನಿಮಿಷ ಓಡಿಸಿ ಉಳಿದ ಹುಳಿ ಕಳೆಯಿರಿ. ಮತ್ತೆ ತೊಳೆಯಿರಿ, ಕೊನೆಯ ಸಲ ಡಿಸ್ಟಿಲ್ಡ್ ನೀರಿನಿಂದಲೇ. ಮೊದಲೇ ಹೇಳಿಬಿಡುವುದು ಒಳ್ಳೆಯದು: ಹಳೆಯ ರೇಡಿಯೇಟರಿನಲ್ಲಿ ಸುಣ್ಣವೇ ತೂತು ಮುಚ್ಚಿ ಹಿಡಿದಿದ್ದರೆ ಇದಾದ ಮೇಲೆ ಸೋರಿಕೆ ಕಾಣಿಸಿಕೊಳ್ಳುತ್ತದೆ. ತೂತು ಮೊದಲೇ ಇತ್ತು. ಅದಕ್ಕೆ ಅರಿಶಿನಪುಡಿ, ಲೀಕ್ ಸ್ಟಾಪ್ ಪುಡಿ ಹಾಕಿದರೆ ತೂತಿನ ಜೊತೆ ಹೀಟರಿನ ಸಣ್ಣ ನಳಿಗೆಗಳೂ ಮುಚ್ಚುತ್ತವೆ.

ತೊಳೆದರೂ ಹೆದ್ದಾರಿಯಲ್ಲಿ ಕಾದರೆ ರೇಡಿಯೇಟರ್ ಬಿಚ್ಚಿಸಿ. ಕೆಳಗಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಮೇಲಿಂದ ತುಂಬಿ, ಕೈ ತೆಗೆಯಿರಿ. ನೀರು ಒಮ್ಮೆಗೇ ಧುಮುಕಬೇಕು. ನಲ್ಲಿಯಂತೆ ಸುರಿದರೆ ಒಳಗೆ ಕಟ್ಟಿದೆ. ಬಿಚ್ಚದೆಯೇ ತಿಳಿಯಲು, ಗಾಡಿ ಕಾದಾಗ ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರಿನ ಮುಖದ ಉದ್ದಕ್ಕೂ ಹಿಡಿಯಿರಿ. ನಡುನಡುವೆ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿ ನೀರು ಹರಿಯುತ್ತಿಲ್ಲ. ತಾಮ್ರ-ಹಿತ್ತಾಳೆಯ ರೇಡಿಯೇಟರಾದರೆ ಟ್ಯಾಂಕ್ ಬಿಚ್ಚಿ, ನಳಿಗೆಗಳಿಗೆ ಕಡ್ಡಿ ಹಾಯಿಸಿ, ಬೆಸುಗೆ ಹಾಕಿಸಬಹುದು, ಇನ್ನೂ ಹತ್ತು ವರ್ಷ ಬರುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಎಂಸೀಲ್ ಮೆತ್ತುವುದು ವ್ಯರ್ಥ, ಹೊಸದೇ ದಾರಿ.

ಥರ್ಮೋಸ್ಟಾಟ್ ಬಿಚ್ಚಿ ಎಸೆಯುವ ಪದ್ಧತಿಗೆ ನನ್ನ ಪೂರ್ತಿ ವಿರೋಧವಿದೆ. "ಬಿಸಿಲಿನ ಊರಿಗೆ ವಾಲ್ವ್ ಬ್ಯಾಡರಿ" ಎನ್ನುವ ಮಿಸ್ತ್ರಿಗಳು ಕೆಟ್ಟು ಮುಚ್ಚಿಕೊಂಡ ವಾಲ್ವುಗಳನ್ನು ನೋಡಿ ಹಾಗೆ ಹೇಳುತ್ತಾರೆ. ಅವು ಕೆಟ್ಟದ್ದು ಸುಣ್ಣ ಮತ್ತು ತುಕ್ಕಿನಿಂದ. ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವ್ ತೆರೆಯುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವ್ ಇಲ್ಲದಿದ್ದರೆ ಆ ದಾರಿ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸಾಗುತ್ತದೆ. ಚಳಿಗಾಲದಲ್ಲಿ ಎಂಜಿನ್ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆ ಪೆಟ್ರೋಲ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುತ್ತದೆ.

ವಾಲ್ವ್ ಪರೀಕ್ಷೆ ಸುಲಭ. ಅದರ ಮೇಲೆಯೇ 82 ಅಥವಾ 88 ಎಂದು ಕೊರೆದಿರುತ್ತದೆ. ದಾರ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿ. ಆ ಅಂಕಿಯ ಸುಮಾರಿಗೆ ತೆರೆಯಲು ಶುರುವಾಗಿ, ನೀರು ಕುದಿಯುವ ಮೊದಲು ಸುಮಾರು 8 ಮಿಲಿಮೀಟರ್ ತೆರೆದಿರಬೇಕು. ಕೂಡಿಸುವಾಗ ಸ್ಪ್ರಿಂಗ್ ಎಂಜಿನ್ ಕಡೆಗೆ, ಸಣ್ಣ ಪಿನ್ನಿರುವ ತೂತು ಮೇಲಕ್ಕೆ, ಗಾಳಿ ಅಲ್ಲಿಂದಲೇ ಹೋಗಬೇಕು. ಹೌಸಿಂಗಿನ ಬೋಲ್ಟುಗಳು ಅಲ್ಯೂಮಿನಿಯಮ್ಮಿನಲ್ಲಿ ಕೂತಿರುವುದರಿಂದ ಸಣ್ಣ ಸ್ಪ್ಯಾನರಿನಲ್ಲಿ ಹಗುರವಾಗಿ ಬಿಗಿಯಿರಿ.

ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತಿರುತ್ತದೆ. ಅಲ್ಲಿ ಬಿಳಿ ಅಥವಾ ಹಸಿರು ಕಲೆ ಕಂಡರೆ ಸೀಲ್ ಹೋಗಿದೆ. ಆ ತೂತಿಗೆ ಎಂಸೀಲ್ ತುಂಬಿದರೆ ನೀರು ಬೇರಿಂಗಿಗೆ ಹೋಗುತ್ತದೆ. ಪುಲ್ಲಿ ಹಿಡಿದು ಅಲುಗಿಸಿದಾಗ ಆಟ ಸಿಕ್ಕರೆ ಪಂಪ್ ಬದಲಿಸಿ. ಕೆಳಗಿನ ಹೋಸ್ ಪೈಪಿನ ಪರೀಕ್ಷೆಗೆ, ಗಾಡಿ ಕಾದಾಗ ಒಬ್ಬರು ಆಕ್ಸಿಲರೇಟರ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಪೈಪ್ ನೋಡಲಿ. ಚಪ್ಪಟೆಯಾದರೆ ಒಳಗಿನ ರಬ್ಬರ್ ಸತ್ತಿದೆ ಅಥವಾ ಸ್ಪ್ರಿಂಗ್ ಇಲ್ಲ. ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೆ, ನಡುವಿನ ಸಣ್ಣ ವಾಲ್ವ್ ಎಳೆದು ಬಿಟ್ಟಾಗ ವಾಪಸಾಗದಿದ್ದರೆ ಬದಲಿಸಿ, ಅದೇ ಅಂಕಿಯದ್ದನ್ನೇ ಹಾಕಿ. 0.9 ಇದ್ದಲ್ಲಿ 1.1 ಹಾಕಿದರೆ ಹಳೆಯ ಹೋಸು, ಹೀಟರಿನ ನಳಿಗೆ ಒಡೆಯುತ್ತವೆ. ಗ್ಯಾಸ್ ಕಿಟ್ ಹಾಕಿಸಿದ ಓಮ್ನಿಯಲ್ಲಿ ಗ್ಯಾಸನ್ನು ಆವಿ ಮಾಡುವ ವೇಪರೈಸರಿಗೆ ಹೋಗುವ ನೀರಿನ ಪೈಪಿನ ಟಿ ಜಾಯಿಂಟುಗಳನ್ನು ಮರೆಯದೆ ನೋಡಿ, ಸೋರುವುದು ಹೆಚ್ಚಾಗಿ ಅಲ್ಲೇ.

ನೀರು ಎಲ್ಲಿಯೂ ಸೋರದೆ ಕಡಿಮೆಯಾದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಯೋಚಿಸಬೇಕು. ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ಚಾಲೂ ಮಾಡಿ. ಒಂದೆರಡು ಗುಳ್ಳೆ ಬಂದು ನಿಲ್ಲುವುದು ಸಹಜ. ಬಿಡದೆ ಬರುತ್ತಿದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾಗುವುದು, ಆಯಿಲ್ ಕ್ಯಾಪಿನ ಒಳಗೆ ಬೆಣ್ಣೆಯಂಥ ಪದರ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಎಲ್ಲವೂ ಅದೇ ಸುದ್ದಿ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ, ಸಿಲಿಂಡರುಗಳ ನಡುವೆ ಚದರ ಸೆಂಟಿಮೀಟರಿಗೆ ಒಂದು ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹೆಡ್ ಇಳಿಸಿದ ಮೇಲೆ ನೇರ ಪಟ್ಟಿ ಇಟ್ಟು 0.05 ಮಿಲಿಮೀಟರ್ ಫೀಲರ್ ಗೇಜ್ ತೂರಿಸಿ. ಸಲೀಸಾಗಿ ಹೋದರೆ ಫೇಸಿಂಗ್ (ಹೆಡ್ಡಿನ ತಳ ಉಜ್ಜಿ ಸಮ ಮಾಡುವುದು) ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಿದ್ದೂ ದಂಡ. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಕ್ಕೆ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಸಿ.

ಏನೇ ಕೆಲಸ ಮಾಡಿದರೂ ಕೊನೆಗೆ ಗಾಳಿ ತೆಗೆಯಬೇಕು, ಇಲ್ಲದಿದ್ದರೆ ಹೊಸ ಸಾಮಾನು ಹಾಕಿಯೂ ಹೀಟ್ ಆಗುತ್ತದೆ. ಮೂತಿ ಎತ್ತರವಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಬಿಸಿಗಿಟ್ಟು, ಕ್ಯಾಪ್ ತೆಗೆದು ನಿಧಾನವಾಗಿ ತುಂಬಿ ಚಾಲೂ ಮಾಡಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಗುಳಕ್ಕನೆ ಇಳಿಯುತ್ತದೆ, ಮತ್ತೆ ತುಂಬಿ ಕ್ಯಾಪ್ ಹಾಕಿ. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಬಿಟ್ಟು ಬಂದ್ ಮಾಡಿ. ರಿಸರ್ವ್ ಬಾಟಲಿ ಎರಡು ಗೆರೆಗಳ ನಡುವೆ ಇರಲಿ. ಮರುದಿನ ಬೆಳಿಗ್ಗೆ ಕ್ಯಾಪ್ ತೆಗೆದಾಗ ನೀರು ಬಾಯಿಯವರೆಗೆ ನಿಂತಿರಬೇಕು, ಬಾಟಲಿಯಲ್ಲಿ ಮಾತ್ರ ಕಡಿಮೆಯಾಗಿರಬೇಕು. ಬಾಟಲಿ ತುಂಬಿದ್ದು ರೇಡಿಯೇಟರ್ ಇಳಿದಿದ್ದರೆ ಕ್ಯಾಪು ಇಲ್ಲವೇ ಬಾಟಲಿಯ ಸಣ್ಣ ಪೈಪು ಗಾಳಿ ಎಳೆಯುತ್ತಿದೆ. ನೂರು ಕಿಲೋಮೀಟರ್ ಓಡಿದ ಮೇಲೆ, ಎಂಜಿನ್ ತಣ್ಣಗಿದ್ದಾಗ, ಹೋಸ್ ಕ್ಲಿಪ್ಪುಗಳನ್ನು ಇನ್ನೊಮ್ಮೆ ಅರ್ಧ ಸುತ್ತು ಬಿಗಿಮಾಡಿ. ಹೊಸ ರಬ್ಬರ್ ಮೊದಲ ಕಾವಿಗೆ ಸ್ವಲ್ಪ ಕೂರುತ್ತದೆ.